ಪಾಡ್‌ಕಾಸ್ಟೋ, ದುರ್ಗದಬೈಲಿನ ಅಂಗಡಿಯೋ?

ಮಾರಾಟ ಕಲಿಯೋಕೆ ಸ್ಟಾರ್ಟಪ್ ಪಾಡ್‌ಕಾಸ್ಟ್ ಸುಲಭದ ದಾರಿ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಾಗಲೇ ಕೇಳಬಹುದು. ಒಬ್ಬ ಗ್ರಾಹಕನನ್ನು ತರಲು ಎಷ್ಟು ಖರ್ಚು, ಅವನು ಎಷ್ಟು ಕಾಲ ಉಳಿಯುತ್ತಾನೆ ಅನ್ನೋ ಲೆಕ್ಕ ಅಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ ಮಾತಾಡುವವರು ಹೆಚ್ಚಾಗಿ ಗೆದ್ದವರೇ. ಬಂಡವಾಳ ಎತ್ತಿದ ಕಥೆಯೇ ಜಾಸ್ತಿ.

ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಬಟ್ಟೆ ಅಂಗಡಿಯಲ್ಲಿ ಸಂಜೆ ಸುಮ್ನೆ ನಿಂತು ನೋಡಿ. ಗಿರಾಕಿ "ಭಾಳ ಆತು" ಅಂದ ಕೂಡಲೇ ಜಾಣ ಮಾಲೀಕ ದರ ಇಳಿಸುವುದಿಲ್ಲ. ಯಾರಿಗೆ, ಯಾವ ಕಾರ್ಯಕ್ಕೆ ಅಂತ ಕೇಳುತ್ತಾನೆ. ಇನ್ನೊಂದು ಸೀರೆ ಬಿಚ್ಚುತ್ತಾನೆ. ಪಾಡ್‌ಕಾಸ್ಟಿನವರು ಗಂಟೆಗಟ್ಟಲೆ ವಿವರಿಸುವುದೂ ಇದನ್ನೇ, ಅಲ್ವಾ? ಉದ್ರಿ ವಸೂಲಿಯಂತೂ ಅಂಗಡಿಯಲ್ಲೇ ಕಲಿಯಬೇಕು.

ಸಾಫ್ಟ್‌ವೇರ್ ಮಾರುವವರು ಪಾಡ್‌ಕಾಸ್ಟ್‌ನಿಂದ ಶುರು ಮಾಡಿ. ಖಡಕ್ ರೊಟ್ಟಿ, ಚಟ್ನಿಪುಡಿ, ಬಟ್ಟೆ ಅಂದ್ರೆ ನನ್ನ ಓಟು ಅಂಗಡಿಗೆ.