ಚಿತ್ರದ ಕಾರ್ಡು, ಮೊಬೈಲು, ಬಟ್ಟೆ ಚೀಲ: ಕನ್ನಡ ಕಲಿಯುವವರ ಜೊತೆ ಮೂರನ್ನೂ ಆಡಿ ನೋಡಿದೆ

ಹೆಸರು ಹೇಳದೆ ವಸ್ತುವನ್ನು ಬಣ್ಣಿಸುವ ಆಟಕ್ಕೆ ಮೂರರಲ್ಲಿ ಗೆದ್ದಿದ್ದು ಬಟ್ಟೆ ಚೀಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಚೀಲದ ಹತ್ತಿರ ಬರುವ ಮೊದಲು 649 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಕಾರ್ಡಿನ ಡಬ್ಬಿ ತರಿಸಿದ್ದೆ. ನೀವೂ ಅದೇ ದಾರಿ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಭಾನುವಾರ ಸಂಜೆ ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಎಂಟು ಜನ ಬರುತ್ತಾರೆ. ಆಂಧ್ರ, ತೆಲಂಗಾಣ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು ನಾಲ್ವರು, ಕೇರಳದ ನರ್ಸ್‌ಗಳು ಇಬ್ಬರು, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಬಿಹಾರದ ಹುಡುಗರು ಇಬ್ಬರು. ಹೆಸರು, ಊರು, ಊಟ ಆಯ್ತಾ, ಇಷ್ಟೆಲ್ಲ ಎರಡು ವಾರದಲ್ಲಿ ಬಾಯಿಗೆ ಬರುತ್ತದೆ. ತೊಡಕಾಗುವುದು ಅಂಗಡಿಯಲ್ಲಿ. ಬೇಕಾದ ವಸ್ತುವಿನ ಹೆಸರು ಗೊತ್ತಿಲ್ಲದಿದ್ದರೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಹೆಸರು ಬರದಿದ್ದರೂ "ಪಾತ್ರೆ ತಿಕ್ಕೋದು, ಒರಟಾಗಿರುತ್ತೆ" ಅಂತ ಕೇಳಲು ಬಂದರೆ ಸಾಕು, ಕೆಲಸ ಆಗುತ್ತದೆ. ಅದಕ್ಕೇ ಈ ಆಟ. ಒಬ್ಬರು ಹೆಸರು ಹೇಳದೆ ವಸ್ತುವನ್ನು ಬಣ್ಣಿಸಬೇಕು, ಉಳಿದವರು ಅದೇನು ಅಂತ ಹೇಳಬೇಕು. ನಮಗೇನೂ ಹೊಸದಲ್ಲ, ಒಗಟು ಅಂದರೆ ಅದೇ ಅಲ್ವಾ?

ಈಗ ಕಾರ್ಡಿನ ವಿಷಯ. ಅರವತ್ತು ಕಾರ್ಡು, ಒಳ್ಳೆಯ ಬಣ್ಣ, ಗಟ್ಟಿ ಕಾಗದ. ಒಂದು ಮಗ್ಗುಲಲ್ಲಿ ಚಿತ್ರ, ಇನ್ನೊಂದು ಮಗ್ಗುಲಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು. ಒಬ್ಬರೇ ಕೂತು ಓದಿಕೊಳ್ಳಲು ಇದು ಸರಿ. ಆಟಕ್ಕೆ ಕೂತಾಗ ಏನಾಯಿತು ನೋಡಿ. ಕಾರ್ಡು ಹಿಡಿದವರು ಚಿತ್ರ ನೋಡುತ್ತಾರೆ. ಎದುರಿಗೆ ಕೂತವರಿಗೆ ಕಾಣುವುದು ಬೆನ್ನು. ಅಂದರೆ ಹೆಸರು! ಮೊದಲ ಕಾರ್ಡಿಗೇ ಬ್ಯಾಂಕಿನವರೊಬ್ಬರು ಅಕ್ಷರ ಕೂಡಿಸಿ "ಪೊ-ರ-ಕೆ" ಅಂದುಬಿಟ್ಟರು. ತೆಲುಗು ಲಿಪಿ, ಕನ್ನಡ ಲಿಪಿ ಒಂದೇ ಬೇರಿನಿಂದ ಬಂದ ಅಕ್ಕತಂಗಿಯರು. ಕ, ತ ಥರದ ಕೆಲವು ಅಕ್ಷರ ಬಿಟ್ಟರೆ ತೆಲುಗು ಬಲ್ಲವರು ಕನ್ನಡ ಬೋರ್ಡನ್ನು ಹೇಗೋ ಓದಿಕೊಳ್ಳುತ್ತಾರೆ. ಮಲಯಾಳ, ಹಿಂದಿ ಓದುವವರಿಗೆ ಅದು ಆಗುವುದಿಲ್ಲ. ಹಾಗಾಗಿ ನಾಲ್ವರು ಓದಿ ಹೇಳುತ್ತಿದ್ದರು, ನಾಲ್ವರು ಬಾಯಿ ಮುಚ್ಚಿ ಕೂತಿದ್ದರು. ಬಣ್ಣಿಸುವ ಮಾತೇ ಹೊರಡಲಿಲ್ಲ.

ಸರಿ, ಹೆಸರು ಮುಚ್ಚೋಣ ಅಂತ ಹಳೆ ಕ್ಯಾಲೆಂಡರ್ ಹಾಳೆ ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸಿದೆ. ಅರವತ್ತೂ ಕಾರ್ಡಿಗೆ ಎರಡು ರಾತ್ರಿ ಹಿಡಿಯಿತು. ನಮ್ಮೂರಿನ ಬಿಸಿಲಿಗೆ ಅಂಟು ಬೇಗ ಬಿಗಿದು, ಕಾರ್ಡುಗಳು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾದವು. ದಪ್ಪ ಪುಸ್ತಕದ ಕೆಳಗೆ ಇಟ್ಟೆ, ನೆಟ್ಟಗಾಗಲಿಲ್ಲ. ಎರಡನೇ ವಾರಕ್ಕೆ ಯಾವ ಕಾರ್ಡು ಎತ್ತ ಬಗ್ಗಿದೆ ಅನ್ನುವುದೇ ಗುರುತಾಯಿತು. ಕೊನೆಗೆ ಮದುವೆ ಕಾರ್ಡಿನ ಹಳೆ ಕವರಿನೊಳಗೆ ಹಾಕಿ, ಕಿಂಡಿ ಕತ್ತರಿಸಿ ಚಿತ್ರ ಮಾತ್ರ ಕಾಣುವ ಹಾಗೆ ಮಾಡಿದೆ. ಅದು ನಡೆಯಿತು. ಆದರೆ ಪ್ರತಿ ಸಲ ಕಾರ್ಡು ತೆಗೆದು ಹಾಕುವುದರಲ್ಲೇ ಅರ್ಧ ತರಗತಿ ಹೋಗುತ್ತಿತ್ತು.

ಅಷ್ಟಾದ ಮೇಲೂ ಒಂದು ಕೊರತೆ ಉಳಿಯಿತು. ಚಿತ್ರದಲ್ಲಿ ಸೂಜಿಯೂ ಅಂಗೈಯಷ್ಟೇ, ಸಲಿಕೆಯೂ ಅಂಗೈಯಷ್ಟೇ. ದೊಡ್ಡದು, ಚಿಕ್ಕದು, ಭಾರ, ಹಗುರ, ನುಣುಪು, ಒರಟು, ಇವು ಯಾವುವೂ ಬಾಯಿಗೆ ಬರುವುದಿಲ್ಲ. ಎಲ್ಲರೂ "ನೀಲಿ ಇದೆ, ಕೆಂಪು ಇದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಹೆಸರುಗಳೂ ನಮ್ಮ ಕಡೆಯವಲ್ಲ. ಕಾರ್ಡಿನಲ್ಲಿ ಪೊರಕೆ, ಬಾಚಣಿಗೆ, ಬೀಗ. ಇಲ್ಲಿ ಮನೆಮನೆಯಲ್ಲೂ ಕಸಬರಿಗೆ, ಹಣಿಗೆ, ಕೀಲಿ. ನರ್ಸ್‌ಗಳಲ್ಲಿ ಚಿಕ್ಕವಳಿಗೆ ಮನೆ ಮಾಲೀಕರ ತಾಯಿ "ಯವ್ವಾ, ಕಸಬರಿಗಿ ಕೊಡವ್ವಾ" ಅಂದರಂತೆ. ಇವಳು ಪೊರಕೆ ಕೈಯಲ್ಲಿ ಹಿಡಿದುಕೊಂಡೇ "ಇಲ್ಲ ಅಮ್ಮ" ಅಂದಳಂತೆ. ಅದನ್ನು ಕೇಳಿ ನನಗೆ ಬಹಳ ಬೇಜಾರಾಯಿತು. ತಪ್ಪು ಅವಳದಲ್ಲ, ನಾನು ಕಲಿಸಿದ್ದರದು.

ಮೊಬೈಲ್ ಆಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಣೆಗೆ ಫೋನ್ ಹಿಡಿದು, ಉಳಿದವರು ಬಣ್ಣಿಸಿದ್ದನ್ನು ಕೇಳಿ ಪದ ಹೇಳುವುದು. ದುಡ್ಡು ಖರ್ಚಿಲ್ಲ, ನಗು ಜೋರು. ಆದರೆ ನಾನು ಇಳಿಸಿಕೊಂಡ ಆಟದಲ್ಲಿ ಕನ್ನಡ ಪದಗಳೇ ಇರಲಿಲ್ಲ. ಜೊತೆಗೆ ಸೆಕೆಂಡು ಓಡುತ್ತಿರುತ್ತದೆ. ಗಡಿಬಿಡಿಯಲ್ಲಿ "ನೀರು! ಬಿಳಿ! ಅಡುಗೆ!" ಅಂತ ಬಿಡಿ ಪದ ಕೂಗುತ್ತಾರೆ, ವಾಕ್ಯ ಕಟ್ಟುವುದಿಲ್ಲ. ಮಾತು ಚೆನ್ನಾಗಿ ಬರುವವರಿಗೆ ಇದು ಸೈ, ಹೊಸಬರಿಗೆ ಬೇಡ.

ಇನ್ನು ಚೀಲ. ಹಳೆ ದಿಂಬಿನ ಕವರಿಗೆ ಟೈಲರ್ ಹತ್ತಿರ ಲಾಡಿ ಹಾಕಿಸಿದೆ, 40 ರೂಪಾಯಿ. ಮನೆಯಲ್ಲಿದ್ದ ಹತ್ತು ವಸ್ತು ಒಳಗೆ ಹಾಕಿದೆ. ಆಡುವವರು ಕೈ ಒಳಗಿಟ್ಟು ಒಂದನ್ನು ಹಿಡಿಯಬೇಕು, ಹೊರಗೆ ತೆಗೆಯುವ ಹಾಗಿಲ್ಲ. ಐದು ಮಾತು ಹೇಳಲೇಬೇಕು: ಯಾತರದ್ದು, ಎಷ್ಟು ದೊಡ್ಡದು, ಮುಟ್ಟಿದರೆ ಹೇಗಿದೆ, ಯಾತಕ್ಕೆ ಬೇಕು, ಮನೆಯಲ್ಲಿ ಎಲ್ಲಿರುತ್ತದೆ. ಕಣ್ಣಿಗೆ ಕಾಣದ್ದರಿಂದ ಬಣ್ಣ ಹೇಳಿ ಪಾರಾಗಲು ಬರುವುದಿಲ್ಲ.

ಮೊದಲ ದಿನ ದೊಡ್ಡ ನರ್ಸ್ ಕೈ ಹಾಕಿದರು. ಒಂದು ನಿಮಿಷ ತಡಕಾಡಿದರು. "ಕಬ್ಬಿಣದ್ದು" ಅಂದರು. ಆಮೇಲೆ, "ತಣ್ಣಗಿದೆ. ಎರಡು ಕಾಲಿದೆ." ಎಲ್ಲರೂ ಒಟ್ಟಿಗೆ "ಕತ್ತರಿ!" ಅಂದರು. "ಅಲ್ಲ, ಅಲ್ಲ. ಬಟ್ಟೆ ಕತ್ತರಿಸೋಕೆ ಅಲ್ಲ. ಊಟ ಆದ್ಮೇಲೆ ಅಜ್ಜಿ... ಎಲೆ ಜೊತೆ..." ಅಂತ ದವಡೆ ಆಡಿಸಿದರು. ಗಿರಣಿ ಹುಡುಗ ಎದ್ದು ನಿಂತು "ಸುಪಾರಿ ಕತ್ತರಿ!" ಅಂದ. ಅಡಕೊತ್ತು ಅನ್ನುವ ಪದ ಆಗ ಹೇಳಿಕೊಟ್ಟೆ. ಅವತ್ತಿಂದ ಯಾರೂ ಅದನ್ನು ಮರೆತಿಲ್ಲ. ಕಬ್ಬಿಣದ್ದು, ಮರದ್ದು, ಗಾಜಿನದು ಅನ್ನುವ ರೂಪವನ್ನು ಮೂರು ವಾರ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೆ, ಬಂದಿರಲಿಲ್ಲ. ಚೀಲದೊಳಗೆ ಕೈ ಇಟ್ಟಾಗ ಬಂತು. ಹಿಂದಿಯಲ್ಲಿ ವಸ್ತುಗಳಿಗೂ ಲಿಂಗ ಇದೆ, ಕುರ್ಚಿ ಹೆಣ್ಣು, ಮನೆ ಗಂಡು. ಕನ್ನಡದಲ್ಲಿ ವಸ್ತು ಅಂದರೆ ಎಲ್ಲವೂ "ಅದು" ಅಂತ ತಿಳಿದಾಗ ಬಿಹಾರದ ಹುಡುಗರ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಚೀಲದಲ್ಲೂ ತೊಂದರೆ ಇವೆ. ಚೂಪಾದದ್ದು ಹಾಕಬಾರದು. ಇಂಗಿನ ಡಬ್ಬಿ ಹಾಕಿದರೆ ಚೀಲ ತಿಂಗಳುಗಟ್ಟಲೆ ನಾರುತ್ತದೆ, ಹಾಕಿ ನೋಡಿಯೇ ಹೇಳುತ್ತಿದ್ದೇನೆ. ಎರಡು ವಾರಕ್ಕೊಮ್ಮೆ ಒಳಗಿನದನ್ನು ಬದಲಿಸಬೇಕು, ಇಲ್ಲದಿದ್ದರೆ ಮುಟ್ಟುವ ಮೊದಲೇ ಹೆಸರು ಹೇಳುತ್ತಾರೆ. ಪಕ್ಕದ ಮನೆಯವರಿಂದ ಕಡ ತರುತ್ತೇನೆ. ನಮ್ಮೂರಿನ ತೀನ್ ಕಂದೀಲ್ ಸರ್ಕಲ್ ಕಡೆ ಹೋದಾಗ ಹತ್ತಿಪ್ಪತ್ತು ರೂಪಾಯಿಯದು ಒಂದೆರಡು ಕೊಳ್ಳುತ್ತೇನೆ.

ತಲೆಗೆ ತಿಂಗಳಿಗೆ 300 ರೂಪಾಯಿ ತೆಗೆದುಕೊಳ್ಳುವ ನನಗೆ ಇದೇ ಸರಿ. ನಲವತ್ತು ಮಕ್ಕಳ ತರಗತಿ ಇದ್ದು, ಬೆಂಚು ಬಿಟ್ಟು ಏಳಲು ಜಾಗವಿಲ್ಲದಿದ್ದರೆ ಕಾರ್ಡೇ ಬೇಕಾದೀತು. ಆಗ ಹೆಸರು ಚಿತ್ರದ ಕೆಳಗೇ ಇರುವುದನ್ನು, ಬೆನ್ನು ಖಾಲಿ ಇರುವುದನ್ನು ನೋಡಿ ತರಿಸಿ.

ಈ ಭಾನುವಾರಕ್ಕೆ ತೆಂಗಿನ ನಾರು, ಹಣಿಗೆ, ಸಾಣಿಗೆ (ಜರಡಿ), ಕೀಲಿಕೈ ಹಾಕಿಟ್ಟಿದ್ದೇನೆ. ಕಸಬರಿಗೆ ಚೀಲದಲ್ಲಿ ಹಿಡಿಯಲಿಲ್ಲ. ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ, ಚಿಕ್ಕ ನರ್ಸ್ ಪಾಳಿಗೆ.