ಮ್ಯಾಕ್‌ಬೆತ್ ಮೊದಲೋ, ಜೂಲಿಯಸ್ ಸೀಸರ್ ಮೊದಲೋ?

ಅಧಿಕಾರದಾಸೆ ಮತ್ತು ದ್ರೋಹವನ್ನು ಕುರಿತ ಶೇಕ್ಸ್‌ಪಿಯರನ ಈ ಎರಡು ದುರಂತ ನಾಟಕಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದವರಿಗೆ ನನ್ನ ಸಲಹೆ ‘ಮ್ಯಾಕ್‌ಬೆತ್’. ಅವನ ದುರಂತಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಇದರಲ್ಲಿ ದೊರೆ ಡಂಕನ್‌ನ ಕೊಲೆ ಎರಡನೆಯ ಅಂಕದಲ್ಲಿ, ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ನಡೆದುಹೋಗುತ್ತದೆ. ಆದರೆ ರಕ್ತಸಿಕ್ತ ಕಠಾರಿಗಳನ್ನು ಹಿಡಿದೇ ಬಂದ ಮ್ಯಾಕ್‌ಬೆತ್ ಅವುಗಳನ್ನು ಮರಳಿ ಇಟ್ಟುಬರಲಾರೆನೆಂದು ಕಂಗೆಟ್ಟು ನಿಂತಾಗ, ಹೆಂಡತಿ ತಾನೇ ಅವುಗಳನ್ನು ತೆಗೆದುಕೊಂಡು ಹೋಗುವ ಆ ಗಳಿಗೆಯಲ್ಲಿ ಇಬ್ಬರ ಅಂತರಂಗವೂ ತೆರೆದುಕೊಳ್ಳುತ್ತದೆ.

‘ಜೂಲಿಯಸ್ ಸೀಸರ್’ನಲ್ಲಿ ಸೀಸರನ ಕೊಲೆ ಮೂರನೆಯ ಅಂಕದಲ್ಲಿ, ರಂಗದ ಮೇಲೆಯೇ ನಡೆಯುತ್ತದೆ. ಅಲ್ಲಿ ಸಂಚುಗಾರರಲ್ಲೊಬ್ಬನಾದ, ಸೀಸರನ ಗೆಳೆಯ ಬ್ರೂಟಸ್ ಕೈ ಎತ್ತುವುದು ಗಣರಾಜ್ಯದ ಮೇಲಿನ ನಿಷ್ಠೆಯಿಂದ. ಮಹತ್ವಾಕಾಂಕ್ಷೆ ಸೀಸರನ ಮೇಲೆ ಹೊರಿಸಿದ ಆರೋಪ. ರಾಜಕಾರಣದಲ್ಲಿಯೂ ಭಾಷಣಕಲೆಯಲ್ಲಿಯೂ ಆಸಕ್ತಿಯುಳ್ಳವರು, ಸೀಸರನ ಆಪ್ತ ಆಂಟನಿಯ ಮಾತಿಗೆ ಜನಸ್ತೋಮ ಸಂಚುಗಾರರ ವಿರುದ್ಧ ತಿರುಗಿಬೀಳುವ ದೃಶ್ಯಕ್ಕಾಗಿಯಾದರೂ, ಇದನ್ನೇ ಮೊದಲು ಓದಬಹುದು.