ಯಮ್ನಾಯಾ ಕಾಲದ ತಾಮ್ರದ ಕೊಡಲಿ: ಒಂದು ಪ್ರತಿಕೃತಿಯ ಪರಾಮರ್ಶೆ

ಪ್ರಾಚೀನ ಉಪಕರಣಗಳ ಪ್ರತಿಕೃತಿಗಳನ್ನು ಕೈಯಿಂದಲೇ ಎರಕ ಹೊಯ್ದು ಮಾರುವ ಸಣ್ಣ ಕಾರ್ಯಾಗಾರವೊಂದರಿಂದ ಈ ಕೊಡಲಿಯನ್ನು ತರಿಸಿಕೊಂಡೆ. ಕ್ರಿ.ಪೂ. ಸುಮಾರು 3300ರಿಂದ 2600ರ ನಡುವೆ, ಕಪ್ಪು ಸಮುದ್ರದ ಉತ್ತರ ಭಾಗದಿಂದ ಉರಲ್ ಪರ್ವತಗಳ ದಕ್ಷಿಣದವರೆಗೆ ಹಬ್ಬಿರುವ ಹುಲ್ಲುಗಾವಲಿನಲ್ಲಿ ದನಕುರಿಗಳನ್ನು ಮೇಯಿಸುತ್ತ, ಬಂಡಿಗಳಲ್ಲಿ ಅಲೆಯುತ್ತಿದ್ದ ಯಮ್ನಾಯಾ ಜನರ ಕೊಡಲಿ ಇದಕ್ಕೆ ಮಾದರಿ.

ಈ ಪ್ರತಿಕೃತಿಯನ್ನು ನಾನು ಮೆಚ್ಚಲು ಮುಖ್ಯ ಕಾರಣ ಅದರ ಲೋಹ. ನಾನು ನೋಡಿದ ಇಂಥ ಹಲವು ಕೊಡಲಿಗಳು ತವರ ಬೆರೆಸಿದ ಕಂಚಿನವು. ಅವು ನೋಡಲು ಚೆನ್ನಾಗಿರುತ್ತವೆ, ಆದರೆ ಆ ಕಾಲದ ಉರಲ್ ಸೀಮೆಗೆ ಸಲ್ಲುವುದಿಲ್ಲ. ಇಂದಿನ ರಷ್ಯಾದ ಒರೆನ್‌ಬರ್ಗ್ ಪ್ರಾಂತದ ಕರ್ಗಾಲಿ ಗಣಿಗಳಲ್ಲಿ ಮರಳುಗಲ್ಲಿನೊಳಗೆ ಸಿಗುತ್ತಿದ್ದ ಹಸಿರು ಮಲಕೈಟ್ ಅದಿರಿನಿಂದ ಬಂದ ತಾಮ್ರ ಬಹುಮಟ್ಟಿಗೆ ಶುದ್ಧವಾದದ್ದು. ಅಲ್ಲಿನ ಪೆರ್ಶಿನ್ ಎಂಬ ಸಮಾಧಿ ದಿಬ್ಬದಲ್ಲಿ, ಸುಮಾರು 12–13 ವರ್ಷದ ಹುಡುಗನೊಬ್ಬನ ಜೊತೆ ಕೊಡಲಿಯ ಎರಕದಚ್ಚನ್ನು ಹೂಳಲಾಗಿತ್ತು. ಆ ವಯಸ್ಸಿನ ಹುಡುಗನಿಗೆ ಅಂಥ ಗೌರವ ಸಂದಿತ್ತೆಂದರೆ, ಅಲೆಮಾರಿಗಳ ನಡುವೆ ಈ ಕಸುಬಿಗೆ ಎಂಥ ಸ್ಥಾನವಿತ್ತೆಂದು ಊಹಿಸಬಹುದು.

ಶುದ್ಧ ತಾಮ್ರವನ್ನು ಎರೆಯುವುದು ಸುಲಭವಲ್ಲ. ಅದು ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದಾಗ ಅನಿಲವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಬಿಡುವುದರಿಂದ ಎರಕದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಉಳಿಯುತ್ತವೆ. ಈ ಕೊಡಲಿಯ ಬೆನ್ನಿನ ಮೇಲೆ ಅಂಥ ಗುಳಿಗಳು ಸ್ಪಷ್ಟವಾಗಿ ಕಾಣುತ್ತವೆ, ಅವನ್ನು ತುಂಬಿ ಮುಚ್ಚದೆ ಹಾಗೆಯೇ ಬಿಟ್ಟಿರುವುದು ಬಹಳ ಸರಿಯಾದ ನಿರ್ಧಾರ. ಬಾಯಿಯನ್ನು ತಣ್ಣಗಿರುವಾಗಲೇ ಬಡಿದು ಗಟ್ಟಿ ಮಾಡಲಾಗಿದೆ. ಒಣ ಕೊಂಬೆಯನ್ನು ಕಡಿದರೂ ಅಂಚು ಮಡಚಿಕೊಳ್ಳಲಿಲ್ಲ, ತುಸು ಮೊಂಡಾಯಿತಷ್ಟೆ. ಕಂಚಿನ ಹರಿತವನ್ನು ಇದರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಜೊತೆಗೆ ಬಂದ ಕಿರುಹೊತ್ತಿಗೆ ಮಾತ್ರ ನಿರಾಸೆ ಉಂಟುಮಾಡುತ್ತದೆ. ಅದು ಈ ಕೊಡಲಿಯನ್ನು ಅರ್ಕಾಯಿಮ್ ಕೋಟೆಯ ಜನರದ್ದೆಂದು ಹೇಳುತ್ತದೆ. ಅರ್ಕಾಯಿಮ್ ಸೇರುವ ಸಿಂತಾಶ್ತಾ ಸಂಸ್ಕೃತಿ ಕ್ರಿ.ಪೂ. ಸುಮಾರು 2100ರ ನಂತರದ್ದು. ಆ ಜನ ಕೋಟೆಯೊಳಗೆ ನೆಲೆನಿಂತು, ಮನೆಮನೆಯಲ್ಲೂ ಕುಲುಮೆ ಇಟ್ಟುಕೊಂಡು, ಆರ್ಸೆನಿಕ್ ಬೆರೆತ ತಾಮ್ರವನ್ನು ತಯಾರಿಸುತ್ತಿದ್ದವರು. ನೂರಾರು ವರ್ಷಗಳ ಅಂತರವಿರುವ ಎರಡು ಬದುಕುಗಳನ್ನು ಒಂದೇ ಎಂಬಂತೆ ಬೆರೆಸಿದರೆ ಓದುಗನಿಗೆ ಅನ್ಯಾಯವಾಗುತ್ತದೆ. ಸುಮಾರು 500 ಚದರ ಕಿಲೋಮೀಟರ್ ಹರಡಿರುವ ಕರ್ಗಾಲಿ ಗಣಿಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅಲ್ಲಿನ ಗೋರ್ನಿ ಎಂಬ ನೆಲೆಯಲ್ಲಿ, ಯಮ್ನಾಯಾ ಕಾಲದ ಬಹಳ ನಂತರ ಗಣಿಗಾರರು ಬಿಟ್ಟುಹೋದ ಪ್ರಾಣಿಮೂಳೆಗಳ ತುಣುಕುಗಳೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಿಕ್ಕಿವೆ, ಅವುಗಳಲ್ಲಿ ಬಹುಪಾಲು ದನದವು. ಅದಿರಿಗೆ ಬದಲಾಗಿ ದನಗಳು ಬರುತ್ತಿದ್ದವೆಂದು ಉತ್ಖನನ ನಡೆಸಿದ ಎವ್ಗೆನಿ ಚೆರ್ನಿಖ್ ಭಾವಿಸಿದ್ದರು. ಇದನ್ನು ಹೇಳದೆ ಹುಲ್ಲುಗಾವಲಿನ ತಾಮ್ರದ ಕಥೆ ಪೂರ್ಣವಾಗುವುದಿಲ್ಲ.

ಮರದ ಕಾವು ಯಂತ್ರದಲ್ಲಿ ತಿರುವಿದ್ದು, ಸಾಧಾರಣವಾಗಿದೆ. ಕೊಳ್ಳುವವರು ಕಾವಿಲ್ಲದ ಮಾದರಿಯನ್ನೇ ಆರಿಸಿಕೊಳ್ಳಲಿ: ಬೆಲೆ ಕಡಿಮೆ, ಮೇಲಾಗಿ ಕಾವು ತೂರಿಸುವ ತೂತಿನ ಒಳಗೋಡೆಯಲ್ಲಿ, ಎರಕದ ವೇಳೆ ಅಲ್ಲಿಟ್ಟಿದ್ದ ಮಣ್ಣಿನ ತಿರುಳಿನ ಗುರುತುಗಳನ್ನು ನೇರವಾಗಿ ನೋಡಬಹುದು.